ಮಾವನ ಇನ್ನೊಂದು ಮನೆ

ನಮ್ಮ ಸೋದರಮಾವ ಇನ್ನೊಂದು ಮನೆ ಮಾಡಿಕೊಂಡಿದ್ದ. ಕೊಳ್ಳೇಗಾಲಕ್ಕೆಲ್ಲ ಗೊತ್ತಿದ್ದ ವಿಷಯ, ಮುಚ್ಚುಮರೆ ಏನೂ ಇಲ್ಲ. ಸಂಜೆಯಾದರೆ ಅಂಗಡಿ ಬಾಗಿಲೆಳೆದು ನೇರ ಅಲ್ಲಿಗೇ ಹೋಗುತ್ತಿದ್ದ. ಭಾನುವಾರವಂತೂ ಅಲ್ಲೇ ಠಿಕಾಣಿ. ಆ ಮನೆಯನ್ನು ತೊಳೆದು, ಒರೆಸಿ, ಬಣ್ಣ ಹೊಡೆದು, ಕಿಟಕಿಗೆ ಹೂವಿನ ಪರದೆ ಬೇರೆ ಹಾಕಿಸಿದ್ದ. ಕಟ್ಟಿಕೊಂಡ ಹೆಂಡತಿ ಇರುವ ಮನೆಯ ಹೆಂಚು ಒಡೆದು ಮಳೆಗಾಲವೆಲ್ಲ ಸೋರಿದರೂ ತಲೆಯೆತ್ತಿ ನೋಡದವನು! ನಮ್ಮ ಅತ್ತೆಗೂ ಎಲ್ಲ ಗೊತ್ತಿತ್ತು. ಆ ಪರದೆ ಹೊಲಿದುಕೊಟ್ಟವಳೇ ಅವಳು. ನನಗೆ ಮೈ ಉರಿಯದೆ ಇನ್ನೇನಾಗಬೇಕು ಹೇಳಿ?

ತಡೆಯಿರಿ, ನೀವು ಅಂದುಕೊಂಡಿದ್ದಲ್ಲ. ಆ ಮನೆಗೆ ನಾಲ್ಕು ಚಕ್ರ, ಒಂದು ಸ್ಟೇರಿಂಗು, ಒಂದು ಹಾರ್ನು ಇದ್ದವು. ರೇಷ್ಮೆ ಗೂಡಿನ ಮೂಟೆಗಳನ್ನು ಮಾರುಕಟ್ಟೆಗೆ ಹೊತ್ತು ಹೊತ್ತು ಸವೆದುಹೋಗಿದ್ದ ಹಳೇ ಡೀಸೆಲ್ ವ್ಯಾನು ಅದು. ಅದನ್ನು ಕೊಂಡು ತಂದು, ಒಳಗೊಂದು ಮಂಚ, ಒಂದು ಸ್ಟೋವು, ನೀರಿನ ಡ್ರಮ್ಮು, ರೇಡಿಯೊ, ಲೈಟು, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಫ್ಯಾನು ಕೂರಿಸಿ, ಮಾವ ಅದನ್ನು ಮನೆ ಎಂದು ಕರೆದ. ಯಾವಾಗಲೋ ಇಬ್ಬರು ವಿದೇಶದವರು ಇಂಥದೇ ಗಾಡಿಯಲ್ಲಿ ಬಂದು ಪಂಕ್ಚರ್ ಹಾಕಿಸಲು ನಮ್ಮ ಊರಿನಲ್ಲಿ ನಿಂತಿದ್ದರಂತೆ. ಮಾವ ಒಳಗೆ ಇಣುಕಿ ನೋಡಿದನಂತೆ. ಅವರು ಪಂಕ್ಚರ್ ಹಾಕಿಸಿಕೊಂಡು ಹೋದರು, ಇವನ ತಲೆ ಪಂಕ್ಚರ್ ಆಯಿತು.

ಮಾವನದು ಮೈಕ್ ಸೆಟ್ ಅಂಗಡಿ. ಮದುವೆ, ನಾಮಕರಣ, ಚುನಾವಣೆ, ಯಾವುದಕ್ಕೂ ಹಾರ್ನು, ಸೀರಿಯಲ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ಹೀಗಾಗಿ ಕರೆಂಟಿನ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಗರ್ವ. ನನ್ನ ಮನೆ ಅವರ ಪಕ್ಕದ್ದೇ. ನನ್ನ ಗಂಡ ಹಗಲೆಲ್ಲ ಆಫೀಸಿನಲ್ಲಿ. ಅಂದಮೇಲೆ ಆ ಗಾಡಿ ಕೆಟ್ಟು ನಿಂತಾಗಲೆಲ್ಲ ಹಿಂದಿನಿಂದ ತಳ್ಳುವವರು ಯಾರು? ಈ ಹಣೆಬರಹಗೆಟ್ಟ ಸೊಸೆ!

ಯಾಕೆ ಬೇಕಿತ್ತು ಇದೆಲ್ಲ ಅಂತೀರಾ? ಅದಕ್ಕೆ ಅತ್ತೆಯ ವಿಷಯ ಹೇಳಬೇಕು. ಅವಳಿಗೆ ಉಬ್ಬಸ. ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ಸರಿ, ಗಾಳಿ ನಿಂತರೆ ಬಾಯಿ ಬಿಟ್ಟುಕೊಂಡು ಒದ್ದಾಡುತ್ತಿದ್ದಳು. ಒಮ್ಮೆ ಹನೂರಿನಿಂದ ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ಉಸಿರು ಕಟ್ಟಿ, ಜೀವ ಬಾಯಿಗೆ ಬಂದು, ಆಮೇಲೆ ಬಸ್ಸಿನ ಮೆಟ್ಟಿಲು ತುಳಿದವಳಲ್ಲ. ತವರುಮನೆ ಇದ್ದದ್ದು ಯಳಂದೂರು ತಾಲ್ಲೂಕಿನ ಹೊನ್ನೂರು. ಎಷ್ಟು ದೂರ ಮಹಾ? ಆದರೂ ಅವಳ ಪಾಲಿಗೆ ಕಾಶಿಯಾಗಿಹೋಗಿತ್ತು. ಅತ್ತೆಗೆ ಮಕ್ಕಳಿಲ್ಲ. ಅವಳ ತಮ್ಮನ ಹೆಂಡತಿ ಹೆರಿಗೆಯಾದ ಮೇಲೆ ಹಾಸಿಗೆ ಹಿಡಿದಾಗ, ಆ ಕೂಸನ್ನು ತಂದು ಸ್ಕೂಲಿಗೆ ಸೇರಿಸುವ ವಯಸ್ಸಿನವರೆಗೂ ಸಾಕಿದವಳು ಇವಳೇ. ಆ ಹುಡುಗಿಗೆ ಈಗ ಗಂಡು ನೋಡುತ್ತಿದ್ದರು. "ಅವಳ ಧಾರೆ ಒಂದ ಕಣ್ತುಂಬ ನೋಡ್ಬುಟ್ರೆ ನಂಗೆ ಇನ್ನೇನೂ ಬ್ಯಾಡ" ಎನ್ನುತ್ತಿದ್ದಳು ಅತ್ತೆ. ಅಷ್ಟೇ ಅವಳ ಆಸೆ.

"ಒಂದು ಕಾರು ಬಾಡಿಗೆಗೆ ಹಿಡಿ ಮಾವ, ಮುಗೀತು" ಎಂದೆ ನಾನು.

"ಕಾರಲ್ಲಿ ಕುಂತ್ಕಂಡು ಓಗಬೌದು ಕಣಮ್ಮಿ. ಮಲಿಕ್ಕಂಡು ಫ್ಯಾನ್ ಗಾಳೀಲಿ ಮದ್ವೆ ನೋಡಕ್ಕಾಯ್ತದಾ?"

ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಮೊದಲು ಗಾಡಿಯ ವಾಸನೆ ಹೋಗಬೇಕಿತ್ತು. ಗೂಡಿನ ಮೂಟೆ ಹೊತ್ತ ಗಾಡಿಯ ವಾಸನೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ, ಸುಣ್ಣ ಹೊಡೆದ, ಕೊನೆಗೆ ಫಿನಾಯ್ಲು ಸುರಿದ. ಗೂಡಿನ ವಾಸನೆ ಹೋಯಿತು. ಫಿನಾಯ್ಲಿನ ವಾಸನೆಗೆ ಅತ್ತೆ ಎರಡು ದಿನ ಕೆಮ್ಮಿದಳು. ಉಬ್ಬಸದವಳಿಗೆ ಗಾಡಿ ಕಟ್ಟುತ್ತೇನೆಂದು ಹೊರಟು ಉಬ್ಬಸ ಬರಿಸಿದ ಪುಣ್ಯಾತ್ಮ!

ಇನ್ನು ಕರೆಂಟು. ಗಾಡಿಗೆ ಎರಡು ಬ್ಯಾಟರಿ. ಒಂದು ಎಂಜಿನ್ ಸ್ಟಾರ್ಟ್ ಮಾಡಲು, ಅದರ ಹೆಸರು ದೊಡ್ಡೋನು. ಇನ್ನೊಂದು ಮನೆಯ ಫ್ಯಾನು, ಲೈಟು, ರೇಡಿಯೊಗೆ, ಅದರ ಹೆಸರು ಚಿಕ್ಕೋನು. ಎಂಜಿನ್ ಓಡುವಾಗ ಡೈನಮೋ ಇಬ್ಬರಿಗೂ ಉಣಿಸುತ್ತದೆ. ಗಾಡಿ ನಿಂತ ಮೇಲೆ ಇಬ್ಬರ ನಡುವಿನ ಸ್ವಿಚ್ಚನ್ನು ಮೇಲೆತ್ತಿ ಬೇರೆ ಮಾಡಬೇಕು. ಇಲ್ಲದಿದ್ದರೆ ಚಿಕ್ಕೋನು ತನ್ನದನ್ನೂ ಮುಗಿಸಿ ದೊಡ್ಡೋನ ತಟ್ಟೆಗೂ ಕೈ ಹಾಕುತ್ತಾನೆ. ಇದನ್ನು ಮಾವ ನನಗೆ, ಹಾಲಿನವನಿಗೆ, ಬಂದು ಹೋದ ನೆಂಟರಿಗೆ, ಎಲ್ಲರಿಗೂ ವಿವರಿಸಿ ಹೇಳುತ್ತಿದ್ದ. ಎಲ್ಲರಿಗೂ ಅರ್ಥವಾಯಿತು. ಮರೆತವನು ಅವನೊಬ್ಬನೇ.

ಚಿಕ್ಕೋನಿಗೆ ನಡೆಯುತ್ತಿದ್ದ ಉಪಚಾರವನ್ನು ನೀವು ನೋಡಬೇಕಿತ್ತು. ಪ್ರತಿ ಭಾನುವಾರ ಬೆಳಗ್ಗೆ ಅವನನ್ನು ಗಾಡಿಯಿಂದ ಇಳಿಸಿ ಜಗುಲಿಯ ಮೇಲೆ ಎಳೆಬಿಸಿಲಿಗೆ ಕೂರಿಸುವುದು. ಬಿರಟೆಗಳನ್ನು ಬಿಚ್ಚಿ ಬ್ಯಾಟರಿ ನೀರು ಕುಡಿಸುವುದು. ತಲೆಯ ಮೇಲೆ ಬೆಳ್ಳಗೆ ಉಪ್ಪು ಕಟ್ಟಿದ್ದರೆ ಬಿಸಿನೀರು ಹುಯ್ದು ಹಳೇ ಬ್ರಶ್ಶಿನಲ್ಲಿ ಉಜ್ಜುವುದು. ಆ ಬಿಸಿನೀರು ಎಲ್ಲಿಂದ? ನಮ್ಮ ಮನೆಯ ಹಂಡೆಯಿಂದ! ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರೆ ಹಂಡೆ ಖಾಲಿ. ಹೊರಗೆ ಬಂದು ನೋಡಿದರೆ ಚಿಕ್ಕೋನು ಸ್ನಾನ ಮುಗಿಸಿ, ನೆತ್ತಿಗೆ ಹರಳೆಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿದ್ದಾನೆ.

"ಇದೇನು ಮಾವ, ಬ್ಯಾಟ್ರಿನಾ, ಬಾಣಂತಿ ಕೂಸಾ?"

"ಅಂಗೆ ಅನ್ಬೇಡ. ಎಣ್ಣೆ ಅಚ್ಚುದ್ರೆ ಉಪ್ಪು ಕಟ್ಟಕಿಲ್ಲ."

"ದೃಷ್ಟಿಬೊಟ್ಟು ಒಂದು ಇಟ್ಟುಬಿಡು."

ಮಾವ ನಗಲಿಲ್ಲ. ಬೊಟ್ಟಿಗೆ ಜಾಗ ಹುಡುಕುವವನಂತೆ ಚಿಕ್ಕೋನ ನೆತ್ತಿ ನೋಡಿದ. ಇಟ್ಟರೂ ಇಟ್ಟಾನು ಎಂದು ಹೆದರಿ ನಾನೇ ಒಳಗೆ ಬಂದೆ.

ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ಆ ಚಿಕ್ಕೋನು ಸರಿಯಾಗಿ ದುಡಿಯಬೇಕೋ ಬೇಡವೋ? ಮೊದಲ ಸವಾರಿ ಹನೂರಿಗೆ ಎಂದು ಹೊರಟೆವು. ಅತ್ತೆ ಮಂಚದ ಮೇಲೆ, ನಾನು ಸ್ಟೋವಿನ ಪಕ್ಕ, ಮಾವ ಸ್ಟೇರಿಂಗಿನ ಹಿಂದೆ. ಮಧುವನಹಳ್ಳಿ ಹತ್ತಿರ ಹುಣಸೇಮರದ ನೆರಳು ಕಂಡದ್ದೇ ತಡ, "ಮನೇಲಿ ಟೀ ಕುಡಿಯೋಣ" ಎಂದು ಗಾಡಿ ನಿಲ್ಲಿಸಿದ. ಹಗಲಲ್ಲೂ ಲೈಟು ಹಾಕಿದ, ರೇಡಿಯೊ ಹಾಕಿದ, ಫ್ಯಾನು ತಿರುಗುತ್ತಲೇ ಇತ್ತು. ಟೀ ಆಯಿತು, ಬೋಂಡ ಆಯಿತು, ಅವನದೊಂದು ನಿದ್ದೆಯೂ ಆಯಿತು. ನಡುವಿನ ಸ್ವಿಚ್ಚು ಎತ್ತಿದ್ದನೇ? ಇಲ್ಲ! ಮೊದಲು ರೇಡಿಯೊದಲ್ಲಿ ಹಾಡುತ್ತಿದ್ದವರ ಗಂಟಲು ಕಟ್ಟಿತು. ಆಮೇಲೆ ಲೈಟು ಕೆಂಪಾಯಿತು. ಫ್ಯಾನು ನಿಧಾನವಾಗಿ ನಿಂತಿತು.

ಫ್ಯಾನು ನಿಂತದ್ದನ್ನು ನೋಡಿದ ತಕ್ಷಣ ಅತ್ತೆಯ ಮುಖ ಬಿಳಿಚಿಕೊಂಡಿತು. ಅಲ್ಲಿ ಗಾಳಿಗೇನೂ ಬರವಿರಲಿಲ್ಲ, ಹುಣಸೇಮರದ ಕೆಳಗೆ ತಂಪಾಗಿಯೇ ಇತ್ತು. ಆದರೂ ಫ್ಯಾನು ನಿಂತರೆ ತನ್ನ ಉಸಿರೂ ನಿಲ್ಲುತ್ತದೆ ಎಂಬ ದಿಗಿಲು ಅವಳಿಗೆ. ಎದೆ ಹಿಡಿದುಕೊಂಡು ಗೊರಗೊರ ಎನ್ನತೊಡಗಿದಳು. ನಾನು ಮಾತ್ರೆ ನುಂಗಿಸಿ ಬೆನ್ನು ನೀವುತ್ತಾ ಕೂತರೆ, ಮಾವ ಸ್ಟಾರ್ಟ್ ಮಾಡಲು ಹೋಗಿ, ದೊಡ್ಡೋನೂ ಮಲಗಿದ್ದಾನೆಂದು ತಿಳಿದು, ತಲೆಯ ಮೇಲೆ ಕೈ ಹೊತ್ತು ರಸ್ತೆಯಲ್ಲಿ ನಿಂತ.

ಗದ್ದೆಯಿಂದ ನಾಲ್ಕು ಜನ ಎದ್ದು ಬಂದರು. ಬಂದವರು ಮೊದಲು ಒಳಗೆ ಇಣುಕಿ, ಮಂಚ ನೋಡಿ, ಸ್ಟೋವು ನೋಡಿ, ಪರದೆ ಮುಟ್ಟಿ ನೋಡಿದರು.

"ಇದೇನ್ ಸಾ, ಗಾಡಿನೋ ಮನೆನೋ?"

"ಎರಡೂ ಕಣಪ್ಪ" ಎಂದ ಮಾವ, ಅಂಥ ಹೊತ್ತಿನಲ್ಲೂ ಎದೆಯುಬ್ಬಿಸಿ.

"ಗಾಡಿ ನಿಂತ್ರೆ ತಳ್ಳಬೌದು. ಮನೆ ನಿಂತೋದ್ರೆ ಯಾರ್ ಸಾ ತಳ್ಳೋರು?"

ನನ್ನ ಬಾಯಲ್ಲಿದ್ದ ಮಾತನ್ನು ಅವನೇ ಆಡಿದ. ನಾವೆಲ್ಲ ಸೇರಿ ತಳ್ಳಿದೆವು. ನಾನು ಉಟ್ಟಿದ್ದು ಹೊಸ ಸೀರೆ. ಎಂಜಿನ್ ಕೆಮ್ಮಿ ಎದ್ದಾಗ ಬಂದ ಕರಿಹೊಗೆಯೆಲ್ಲ ಅದರ ಮೇಲೆ. ಹನೂರಿನ ಆಸೆ ಬಿಟ್ಟು, ಬಂದ ದಾರಿಯಲ್ಲೇ ವಾಪಸು ಬಂದೆವು. ಒಂದು ವಾರ ನಾನು ಮಾವನ ಜೊತೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತೇ ಆಗಲಿಲ್ಲ, ಅದೂ ಒಂದು ಸಿಟ್ಟು.

ಸರಿ, ಆ ಸಲ ಸ್ವಿಚ್ಚು ಮರೆತಿದ್ದ. ಆಮೇಲೆ ಸ್ವಿಚ್ಚು ಮರೆಯದಿದ್ದರೂ ಅದೇ ಹಾಡು! ಅಂಗಡಿಗೆ ಹೊತ್ತುಕೊಂಡು ಹೋಗಿ ಚಾರ್ಜಿಗೆ ಹಾಕಿ, ಭರ್ತಿ ಮಾಡಿ ತಂದು ಗಾಡಿಯಲ್ಲಿ ಕೂರಿಸಿದರೆ, ಗಾಡಿ ಕದಲದೆ ಮನೆ ಮುಂದೆ ನಿಂತಿದ್ದರೂ ನಾಲ್ಕೈದು ದಿನಕ್ಕೆ ಚಿಕ್ಕೋನು ಮಕಾಡೆ ಮಲಗಿರುತ್ತಿದ್ದ. ಬ್ಯಾಟರಿ ಅಂಗಡಿಯವನು, "ಬ್ಯಾಟ್ರಿ ಚೆನ್ನಾಗದೆ ಸಾ, ಡೈನಮೋ ತೋರ್ಸಿ" ಎಂದ. ಡೈನಮೋದವನು, "ಡೈನಮೋ ಕಲ್ಲುಗುಂಡು ಇದ್ದಂಗದೆ, ವೈರಿಂಗ್ ನೋಡುಸ್ಕಳಿ" ಎಂದ. ವೈರಿಂಗಿನವನು ಎಲ್ಲ ನೋಡಿ, "ಬ್ಯಾಟ್ರಿನೇ ಸರಿಯಿಲ್ಲ ಸಾ" ಎಂದು ಕೈ ತೊಳೆದುಕೊಂಡ. ದೊಡ್ಡ ಆಸ್ಪತ್ರೆಯಲ್ಲೂ ಹೀಗೆ ಸುತ್ತಿಸುವುದಿಲ್ಲ.

ಮಾವ ತಾನೇ ಪರೀಕ್ಷೆಗೆ ಇಳಿದ. ಗಾಡಿಯಲ್ಲಿರುವುದನ್ನೆಲ್ಲ ಆಫ್ ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ, ಮತ್ತೆ ಅದನ್ನು ಚಿಕ್ಕೋನ ತಲೆಗೆ ಸೋಕಿಸಿ ನೋಡುವುದು. ಏನೂ ಓಡುತ್ತಿಲ್ಲವಾದರೆ ಕಿಡಿ ಬರಬಾರದು. ಚಟ್ ಎಂದು ಸಣ್ಣದೊಂದು ಕಿಡಿ ಬರುತ್ತಿತ್ತು!

"ನೋಡ್ದಾ? ಎಲ್ಲಾ ಆಫ್ ಆಗದೆ, ಆದ್ರೂವೆ ಕಿಡಿ! ಒಳ್ಗೆ ಯಾವನೋ ಕಳ್ಳ ಕುಂತವ್ನೆ, ಕರೆಂಟ್ ಕುಡೀತಾವ್ನೆ."

ಕಳ್ಳನ ಹುಡುಕಾಟ ಶುರುವಾಯಿತು. ರೇಡಿಯೊ ಬಿಚ್ಚಿದ. ಹಾರ್ನು ಬಿಚ್ಚಿದ. ಇಲಿ ವೈರು ಕಡಿದಿರಬೇಕೆಂದು ಬೋನು ಇಟ್ಟ. ಬೋನಿಗೆ ಅವನದೇ ಹೆಬ್ಬೆರಳು ಸಿಕ್ಕಿತು. ಕೊನೆಗೆ ಒಂದು ದಿನ ನನ್ನನ್ನೇ ಕರೆದು, "ದಿಟ ಯೋಳು, ಮಧ್ಯಾನ ನಾನು ಅಂಗ್ಡಿಗೆ ಓದ್ಮೇಲೆ ಗಾಡೀಲಿ ಕುಂತ್ಕಂಡು ರೇಡಿಯೊ ಕೇಳೀಯಾ?" ಎಂದು ಕೇಳಿದ.

ಹೇಗಿದೆ? ಗಾಡಿ ತಳ್ಳಿದ್ದು ನಾನು, ಸೀರೆ ಹಾಳಾದದ್ದು ನನ್ನದು, ಹಂಡೆ ನೀರು ನನ್ನದು, ಈಗ ಕಳ್ಳಿಯೂ ನಾನೇ! ನನ್ನ ಪಿತ್ತ ನೆತ್ತಿಗೇರಿತು. "ಸರಿ ಮಾವ, ಇವತ್ತು ಕಳ್ಳನ್ನ ಹಿಡಿಯದೆ ನಾನು ಈ ಗಾಡಿಯಿಂದ ಇಳಿಯಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಹತ್ತಿದೆ.

"ಆ ಕೆಲ್ಸ ಸುರು ಮಾಡಕ್ ಮುಂಚೆ ಸ್ವಾಮಿಗೆ ಕೈ ಮುಗಿ" ಎಂದ ಮಾವ.

ಮಂಚದ ತಲೆದೆಸೆಯ ಮೂಲೆಯಲ್ಲಿ ಮಲೆ ಮಾದಪ್ಪನ ಫೋಟೊ. ಹುಡುಗಿಗೆ ಬೇಗ ಗಂಡು ಸಿಗಲಿ ಎಂದು ಅತ್ತೆ ಹರಕೆ ಹೊತ್ತು ಇಡಿಸಿದ್ದು. ಅದರ ಮುಂದೆ ಕೆಂಪಗೆ ಒಂದು ಪುಟ್ಟ ಬಲ್ಬು, ಹಗಲೂ ರಾತ್ರಿ ಉರಿಯುವ ನಂದಾದೀಪ. ನಾನು ಭಕ್ತಿಯಿಂದ ಕೈ ಮುಗಿದೆ. ಮಾವನೂ ಕೈ ಮುಗಿದು, "ಕಳ್ಳನ್ನ ತೋರ್ಸಪ್ಪಾ" ಎಂದ.

ಮುಗಿದ ನನ್ನ ಕೈ ಹಾಗೇ ನಿಂತಿತು.

"ಮಾವ, ಎಲ್ಲಾ ಆಫ್ ಮಾಡಿದೀನಿ ಅಂದೆಯಲ್ಲ?"

"ಮಾಡೀನಿ."

"ಇದು?"

"ಯಾವ್ದು?"

"ಇದು ಮಾವ! ಈ ಬಲ್ಬು!"

"ಅದು ದೇವ್ರ ದೀಪ ಕಣಮ್ಮಿ. ದೇವ್ರ ದೀಪನ ಯಾರಾದ್ರೂ ಆಫ್ ಮಾಡ್ತಾರಾ?"

ಕೇಳಿದಿರಾ? ರೇಡಿಯೊ ಬಿಚ್ಚಿದವನು, ಹಾರ್ನು ಬಿಚ್ಚಿದವನು, ಸೊಸೆಯನ್ನು ಕಳ್ಳಿ ಎಂದವನು! ಪ್ರತಿ ಸಲವೂ ಆ ದೀಪಕ್ಕೇ ಕೈ ಮುಗಿದು, ಆ ದೀಪದ ಬೆಳಕಿನಲ್ಲೇ ಕಳ್ಳನನ್ನು ಹುಡುಕಿದ್ದ. ವೈರಿಂಗಿನವನೂ ಚಪ್ಪಲಿ ಬಿಟ್ಟು ಕೈ ಮುಗಿದೇ ಒಳಗೆ ಹೋಗಿದ್ದನಂತೆ. ಚಿಕ್ಕ ಬಲ್ಬು ನಿಜ, ಆದರೆ ಹಗಲೂ ರಾತ್ರಿ ಬಿಡದೆ ಕುಡಿದರೆ ಕೆರೆಯೂ ಬತ್ತುತ್ತದೆ. ಬಲ್ಬನ್ನು ತಿರುಗಿಸಿ ತೆಗೆದು, ತಂತಿ ಸೋಕಿಸಿದೆವು. ಕಿಡಿ ಇಲ್ಲ!

"ಸಿಕ್ಕಿದ ನೋಡು ನಿನ್ನ ಕಳ್ಳ!" ಎಂದೆ ನಾನು.

ಮಾವ ಪಟಪಟನೆ ಕೆನ್ನೆ ಬಡಿದುಕೊಂಡ. "ಕಳ್ಳ ಅನ್ಬೇಡ ಕಣಮ್ಮಿ, ತಪ್ಪಾಯ್ತು ಅನ್ನು, ತಪ್ಪಾಯ್ತು ಅನ್ನು!"

ನಾನೂ ಕೆನ್ನೆ ಬಡಿದುಕೊಂಡೆ. ಆ ಏಟನ್ನು ಅವನ ಕೆನ್ನೆಗೇ ಕೊಡಬೇಕಿತ್ತು. ಅತ್ತೆಗೆ ವಿಷಯ ತಿಳಿಸಿದಾಗ, ದೀಪ ಆರಿಸುವುದು ಮಾತ್ರ ಆಗದು ಎಂದಳು. ಕೊನೆಗೆ ತೆಂಗಿನಕಾಯಿ ಒಡೆದು, ಮಾದಪ್ಪನನ್ನು ಗಾಡಿಯಿಂದ ಮನೆಯ ದೇವರ ಗೂಡಿಗೆ ಕರೆತಂದು, ಅಲ್ಲಿ ಎಣ್ಣೆ ದೀಪ ಹಚ್ಚಿದೆವು. ದೇವರೂ ಚಿಕ್ಕೋನೂ ಇಬ್ಬರೂ ನೆಮ್ಮದಿಯಾದರು ಎಂದುಕೊಂಡೆವು.

ದೇವರು ನೆಮ್ಮದಿಯಾಗಿದ್ದ. ಚಿಕ್ಕೋನ ಕಥೆ ಬೇರೆ. ಪೂರ್ತಿ ಬರಿದಾಗುವುದು, ತುಂಬುವುದು, ಮತ್ತೆ ಬರಿದಾಗುವುದು, ಹೀಗೆ ಎಷ್ಟು ಸಲ ಮಾಡಿದರೆ ಯಾವ ಬ್ಯಾಟರಿ ತಾನೆ ಉಳಿದೀತು? "ಒಳಗಡೆ ಪ್ಲೇಟು ಓಗವೆ ಸಾ. ಚಾರ್ಜು ತಕ್ಕೊಂಡಂಗೆ ಮಾಡ್ತದೆ, ನಿಲ್ಲಕಿಲ್ಲ" ಎಂದ ಬ್ಯಾಟರಿ ಅಂಗಡಿಯವನು. ಅಷ್ಟರಲ್ಲಿ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು.

"ಮಾವ, ಹೊಸ ಬ್ಯಾಟರಿ ತಗೋ."

"ಸುಮ್ಕಿರು. ಮೈಕ್ ಸೆಟ್ ಮಡಗಿರೋನು ನಾನು, ನಂಗೆ ಬ್ಯಾಟ್ರಿ ಗುಣ ಗೊತ್ತಿಲ್ವಾ?" ಎಂದು ಗಾಡಿಯ ಬಲ್ಬೊಂದನ್ನು ತಂತಿಗೆ ಕಟ್ಟಿ ಉರಿಸಿ ತೋರಿಸಿದ. ಝಗ್ ಎಂದು ಉರಿಯಿತು. "ನೋಡು, ಗಂಡ್ಸಂಗವ್ನೆ!"

"ಒಂದು ನಿಮಿಷ ಎಲ್ಲರೂ ಗಂಡಸರೇ ಮಾವ! ಅಲ್ಲಿ ಬೆಳಗ್ಗೆಯಿಂದ ಫ್ಯಾನು ಓಡಬೇಕು. ನಡುವೆ ನಿಂತರೆ ಅತ್ತೆಯ ಗತಿ ಏನು?"

"ಓಡ್ತದೆ ಬುಡು" ಎಂದ. ಆ 'ಬುಡು' ಕೇಳಿ ನನಗೆ ಬಂದ ಕೋಪಕ್ಕೆ ಇಡೀ ಕೊಳ್ಳೇಗಾಲಕ್ಕೆ ದೀಪ ಹತ್ತಿಸಬಹುದಿತ್ತು.

ಮದುವೆಯ ದಿನ ಬೆಳಗ್ಗೆ ಹೊನ್ನೂರಿಗೆ ಹೋದೆವು. ದಾರಿಯುದ್ದಕ್ಕೂ ಫ್ಯಾನು ಚೆನ್ನಾಗಿಯೇ ಓಡಿತು. ಅತ್ತೆಯ ತಮ್ಮನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ. ಮಾವ ಗಾಡಿಯನ್ನು ಹಿಂದಕ್ಕೆ ತಂದು, ಹಿಂಬಾಗಿಲುಗಳೆರಡನ್ನೂ ಚಪ್ಪರದ ಕಡೆಗೆ ತೆರೆದಿಟ್ಟ. ಅತ್ತೆ ದಿಂಬಿಗೆ ಒರಗಿ ಮಂಚದ ಮೇಲೆ ಕಾಲು ನೀಡಿದರೆ, ಎದುರಿಗೇ ಹಸೆಮಣೆ. ಫ್ಯಾನು ಅವಳ ತಲೆಯ ಹಿಂದೆ, ಡ್ರೈವರ್ ಸೀಟಿಗೆ ಅಂಟಿದ ಹಾಗೆ. ಹುಡುಗಿ ಅರಿಶಿನದ ಮೈಯಲ್ಲೇ ಓಡಿಬಂದು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ.

ನಾನು ಅಡುಗೆ ಕಡೆಗೆ ಕೈಜೋಡಿಸಲು ಹೋದೆ. ಬಿಸಿಲೇರಿತು, ಚಪ್ಪರದೊಳಗೆ ಜನ ಕಿಕ್ಕಿರಿದರು. ಎಲೆಯೊಂದೂ ಅಲ್ಲಾಡದಂಥ ಧಗೆ. ಗಟ್ಟಿಮೇಳಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅತ್ತೆಗೆ ಪಾನಕ ತೆಗೆದುಕೊಂಡು ಗಾಡಿಯ ಪಕ್ಕಕ್ಕೆ ಬಂದೆ. ಪರದೆಯ ಸಂದಿಯಿಂದ ಕಣ್ಣು ಒಳಗೆ ಹೋಯಿತು. ಫ್ಯಾನು ನಿಂತಿತ್ತು! ಅದರ ರೆಕ್ಕೆಯ ಮೇಲೆ ಒಂದು ನೊಣ ಕೂತಿತ್ತು!

ಅಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಉಕ್ಕಿಬಂತು. ಇವತ್ತು ನೆಂಟರಿರಲಿ, ಬೀಗರಿರಲಿ, ಮಾವನ ಮಾನ ಕಳೆಯದೆ ಬಿಡುವುದಿಲ್ಲ ಎಂದು ಹಿಂಬಾಗಿಲ ಕಡೆಗೆ ಸುತ್ತಿ ಬಂದು, "ಮಾವಾ!" ಎಂದು ಕಿರುಚಿದೆ.

"ಯಾಕಮ್ಮಿ ಇಂಗೆ ಕಿರುಚ್ಕತೀಯಾ, ಧಾರೆ ಒತ್ನಲ್ಲಿ?" ಎಂದಳು ಅತ್ತೆ. ಉಸಿರು ನಿರಾಳವಾಗಿತ್ತು. ಮುಂಗುರುಳು ಗಾಳಿಗೆ ಹಾರುತ್ತಿತ್ತು. "ಸುಮ್ಸುಮ್ಕೆ ಅವರ್ನ ಬೈತಿದ್ದೆ. ಫ್ಯಾನು ಎಂಗೆ ಓಡ್ತಾ ಅದೆ ನೋಡು."

ನೋಡಿದೆ. ಅತ್ತೆಯ ತಲೆಯ ಹಿಂದೆ, ನಿಂತ ಫ್ಯಾನಿನ ಪಕ್ಕದಲ್ಲಿ, ಮಾವ ಬೆನ್ನು ಬಗ್ಗಿಸಿಕೊಂಡು ನಿಂತಿದ್ದ. ಅಡುಗೆಮನೆಯಿಂದ ತಂದ ಮೊರ ಅವನ ಎರಡೂ ಕೈಯಲ್ಲಿ. ಬೀಸುತ್ತಿದ್ದ. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ತುಟಿ ಮುಚ್ಚಿಕೊಂಡು, ಮೂಗಿನಿಂದ ಒಂದೇ ಸಮನೆ ಗುಂಯ್ ಎಂದು ಫ್ಯಾನಿನ ಸದ್ದು ಮಾಡುತ್ತಿದ್ದ. ನನ್ನನ್ನು ಕಂಡು, ಬೇಡ ಎಂಬಂತೆ ತಲೆಯಾಡಿಸಿದ.

ಮುಂದಿನ ಬಾಗಿಲಿನಿಂದ ಹತ್ತಿ ಅವನ ಕಿವಿಯಲ್ಲಿ ಪಿಸುಗುಟ್ಟಿದೆ. "ಯಾವಾಗ ನಿಂತಿತು?"

"ಆಗ್ಲೇ."

"ನಡುವಿನ ಸ್ವಿಚ್ಚು ಇಳಿಸು, ದೊಡ್ಡೋನಿಂದ ಬರಲಿ!"

"ಅವ್ನೂ ಮಲಿಕ್ಕಂಡ್ರೆ? ಇವ್ಳಿಗೆ ಏನಾರ ಎಚ್ಚುಕಮ್ಮಿ ಆದ್ರೆ ಆಸ್ಪತ್ರೆಗೆ ಗಾಡಿ ಸ್ಟಾಟ್ ಆಗ್ಬೇಕಲ್ಲ."

"ಎಂಜಿನ್ ಆದರೂ ಹಾಕು!"

"ಒಗೆಗೆ ಕೆಮ್ತಾಳೆ."

"ಅತ್ತೆಗೆ ಹೇಳಿ, ನಾಲ್ಕು ಹೆಂಗಸರನ್ನ ಬೀಸಲು ಕೂರಿಸೋಣ."

"ಫ್ಯಾನ್ ನಿಂತದೆ ಅಂತ ಗೊತ್ತಾದ್ರೆ ಉಸ್ರು ಕಟ್ತದೆ ಕಣೆ ಅವಳಿಗೆ. ಧಾರೆ ಆಗೋಗ್ಲಿ."

ಇಷ್ಟು ಮಾತಿನ ನಡುವೆ ಸದ್ದು ನಿಂತಿತ್ತು. "ಏನ್ರೀ, ಫ್ಯಾನು ನಿಂತೋಯ್ತಾ?" ಎಂದಳು ಅತ್ತೆ, ಧ್ವನಿಯಲ್ಲಿ ಆಗಲೇ ದಿಗಿಲು.

"ಗುಂಯ್..." ಎಂದ ಮಾವ.

ಮೊರ ಒಂದೊಂದು ಬೀಸಿಗೂ ಕೆಳಗೆ ಜಾರುತ್ತಿತ್ತು. ಎಷ್ಟು ಹೊತ್ತಿನಿಂದ ಬೀಸುತ್ತಿದ್ದನೋ! ಬೈಯಬೇಕೆಂದೇ ಹತ್ತಿದ್ದೆ. ಈ ಹುಚ್ಚನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿಯೂ ಇತ್ತೆಂದು ಆಗ ತಿಳಿಯಿತು. ಅವನ ಕೈಯಿಂದ ಮೊರ ಕಿತ್ತುಕೊಂಡೆ. ಹೊಸ ಬ್ಯಾಟರಿ ತರದ ಸಿಟ್ಟು, ಕಳ್ಳಿ ಎಂದ ಸಿಟ್ಟು, ಸೀರೆಯ ಸಿಟ್ಟು, ಹಂಡೆ ನೀರಿನ ಸಿಟ್ಟು, ಎಲ್ಲವನ್ನೂ ಸೇರಿಸಿ ಬೀಸಿದೆ. ಮಾವ ಪಕ್ಕದಲ್ಲಿ ಕುಸಿದು ಕೂತು, ಸದ್ದು ಮಾತ್ರ ಬಿಡದೆ ಮಾಡುತ್ತಿದ್ದ.

ಚಪ್ಪರದಲ್ಲಿ ಗಟ್ಟಿಮೇಳ ಮೊಳಗಿತು. ಹುಡುಗಿಯ ಕೈಮೇಲೆ ಹಾಲು ಹುಯ್ಯಲು ಶುರುಮಾಡಿದರು. ಅತ್ತೆಯ ಸೆರಗು, ಕೂದಲು, ಕಿಟಕಿಯ ಪರದೆ, ಎಲ್ಲ ಪಟಪಟ ಹಾರುತ್ತಿದ್ದವು.

"ಏನ್ರೀ, ಸ್ಪೀಡ್ ಜಾಸ್ತಿ ಮಾಡುದ್ರಾ?" ಎಂದಳು ಅತ್ತೆ, ಕಣ್ಣನ್ನು ಧಾರೆಯಿಂದ ಕೀಳದೆ.

ಮಾವ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದ.

"ಊಂ ಕಣಮ್ಮಿ" ಎಂದ, "ಒಸಾ ಬ್ಯಾಟ್ರಿ."